ಮನವಿ ಕೊಟ್ಟು ಕೂತರೆ ಗಡಿಯಾರ ನಿಲ್ಲುವುದಿಲ್ಲ

ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಹತ್ತಿಪ್ಪತ್ತು ವರ್ಷ ದುಡಿದವರ ಮನೆಯಲ್ಲಿ ಒಂದು ಕಡತ ಇದ್ದೇ ಇರುತ್ತದೆ. ನಿಮ್ಮ ಮನೆಯ ಕಪಾಟಿನಲ್ಲೂ ಇರಬಹುದು. ನೇಮಕಾತಿ ಪತ್ರ, ಅನುಮೋದನೆಯ ಪ್ರತಿ, ವೇತನದ ಚೀಟಿ, ಅವುಗಳ ಮೇಲೆ ಮನವಿಗಳ ಕಟ್ಟು. ಆಡಳಿತ ಮಂಡಳಿಗೆ ಒಂದು, ಶಿಕ್ಷಣಾಧಿಕಾರಿಗೆ ಒಂದು, ಶಾಸಕರಿಗೆ ಒಂದು, ಸಚಿವರಿಗೆ ಒಂದು. ಪ್ರತಿಯೊಂದಕ್ಕೂ ಎರಡು ಮೂರು ನೆನಪೋಲೆ. ‘ಕೋರ್ಟಿಗೆ ಯಾಕೆ ಹೋಗಲಿಲ್ಲ?’ ಎಂದು ಯಾರಾದರೂ ಕೇಳಿದರೆ ಬರುವ ಉತ್ತರ ಒಂದೇ: ‘ಮನವಿ ಕೊಟ್ಟಿದ್ದೇನೆ. ಮೊದಲು ಉತ್ತರ ಬರಲಿ, ಆಮೇಲೆ ನೋಡೋಣ.’

ನೌಕರಿಯ ವ್ಯಾಜ್ಯಗಳಲ್ಲಿ ಇಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲ. ನೀವು ಉತ್ತರಕ್ಕೆ ಕಾಯುತ್ತಿರುವಾಗ ಕಾನೂನಿನ ಗಡಿಯಾರ ನಿಮಗಾಗಿ ಕಾಯುವುದಿಲ್ಲ. ಅದು ಯಾವ ದಿನ ಓಡಲು ಶುರುವಾಯಿತು ಎಂಬುದು ಗೊತ್ತಾಗುವ ಹೊತ್ತಿಗೆ, ಬಹಳ ಸಲ, ಅದು ನಿಂತೂ ಹೋಗಿರುತ್ತದೆ. ನ್ಯಾಯ ನಿಮ್ಮ ಕಡೆ ಇದ್ದರೂ ‘ತಡವಾಗಿ ಬಂದಿದ್ದೀರಿ’ ಎಂಬ ಒಂದೇ ಮಾತಿಗೆ ಅರ್ಜಿ ವಜಾ ಆಗಬಹುದು.

ಜೂನ್ ತಿಂಗಳ ಲೆಕ್ಕ

ಈ ಮಾತು ಶಾಲೆ ತೆರೆಯುವ ಹೊತ್ತಿನಲ್ಲಿ ಹೆಚ್ಚು ಬೇಕಾಗುತ್ತದೆ. ಕೇರಳದಲ್ಲಿ ಆರನೇ ಕೆಲಸದ ದಿನದ ಮಕ್ಕಳ ಎಣಿಕೆಯ ಮೇಲೆ ಹುದ್ದೆ ನಿಗದಿಯಾಗುತ್ತದೆ. ಮಹಾರಾಷ್ಟ್ರದಲ್ಲಿ ಸಂಚ ಮಾನ್ಯತೆಯ ಪಟ್ಟಿ ಬರುತ್ತದೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಕೆಲವೇ ಮಕ್ಕಳು ಕಡಿಮೆಯಾದರೂ ಒಂದು ಹುದ್ದೆ ಅಲ್ಲಾಡುತ್ತದೆ. ಒಬ್ಬರು ‘ಹೆಚ್ಚುವರಿ’ ಆಗುತ್ತಾರೆ, ಮತ್ತೊಬ್ಬರ ಅನುಮೋದನೆ ತಿರಸ್ಕೃತವಾಗುತ್ತದೆ, ಇನ್ನೊಬ್ಬರಿಗೆ ‘ನಾಳೆಯಿಂದ ಬರಬೇಡಿ’ ಎಂಬ ಮಾತು ಬರುತ್ತದೆ.

ಇದು ಒಬ್ಬ ಶಿಕ್ಷಕರ ಸಂಬಳದ ಪ್ರಶ್ನೆಯಾಗಿ ಮುಗಿಯುವುದಿಲ್ಲ. ಗಡಿಯಾಚೆ ಒಮ್ಮೆ ಕಳೆದುಹೋದ ಕನ್ನಡ ಹುದ್ದೆ ಮತ್ತೆ ಕನ್ನಡ ಬಲ್ಲವರಿಗೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಕಾಸರಗೋಡಿನಲ್ಲಿ ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಮಕ್ಕಳೂ ಪೋಷಕರೂ ಬೀದಿಗಿಳಿದದ್ದು ನಿಮಗೆ ನೆನಪಿದೆ. ಪ್ರತಿಭಟನೆ ಪತ್ರಿಕೆಗೆ ಸುದ್ದಿಯಾಗುತ್ತದೆ. ಆದರೆ ಹುದ್ದೆಯ ಹಕ್ಕು ಉಳಿಯುವುದು, ಹಕ್ಕುಳ್ಳವರು ಸರಿಯಾದ ಕಡೆ ಸರಿಯಾದ ದಿನದೊಳಗೆ ಅರ್ಜಿ ಹಾಕಿದಾಗ.

ಗಡಿಯಾರ ಶುರುವಾಗುವ ದಿನ

ಮೊದಲ ಪ್ರಶ್ನೆ: ದಿನಗಳನ್ನು ಎಲ್ಲಿಂದ ಎಣಿಸಬೇಕು? ಆದೇಶದ ಮೇಲೆ ಬರೆದ ದಿನಾಂಕದಿಂದಲೋ, ಅದು ನಿಮ್ಮ ಕೈಗೆ ಬಂದ ದಿನದಿಂದಲೋ?

ಇದಕ್ಕೆ ಸುಪ್ರೀಂ ಕೋರ್ಟು 1966ರಷ್ಟು ಹಿಂದೆಯೇ ಉತ್ತರ ಕೊಟ್ಟಿದೆ. ಪಟಿಯಾಲ ಪ್ರಾಂತ್ಯದ ಒಬ್ಬ ಸರ್ಕಾರಿ ಅಧಿಕಾರಿಯನ್ನು ವಜಾ ಮಾಡಿದ ಆದೇಶವನ್ನು 1949ರ ಜೂನ್‌ನಲ್ಲಿ ಬರೆಯಲಾಗಿತ್ತು. ಆದರೆ ಅದು ಅವರಿಗೆ ಗೊತ್ತಾದದ್ದು 1951ರ ಮೇ ತಿಂಗಳಲ್ಲಿ. ಆದೇಶಕ್ಕೆ ಸಹಿ ಮಾಡಿ ಕಡತದಲ್ಲಿ ಇಟ್ಟುಕೊಂಡರೆ ಸಾಲದು, ಅದು ನೌಕರನಿಗೆ ತಿಳಿದಾಗ ಅಥವಾ ಪ್ರಕಟವಾದಾಗ ಮಾತ್ರ ಜಾರಿಗೆ ಬರುತ್ತದೆ ಎಂದು ಕೋರ್ಟು ಹೇಳಿತು. ಆದ್ದರಿಂದ ಆದೇಶದ ಮೇಲಿನ ದಿನಾಂಕ ನೋಡಿ ‘ಅಯ್ಯೋ, ಅವಧಿ ಮುಗಿದಿದೆ’ ಎಂದು ಕೈಚೆಲ್ಲಬೇಡಿ. ನಿಮಗೆ ತಲುಪಿದ ದಿನವನ್ನು ತೋರಿಸಬಲ್ಲಿರಾ ಎಂಬುದು ಮುಖ್ಯ.

ತೋರಿಸುವುದು ಹೇಗೆ? ಅಂಚೆ ಲಕೋಟೆಯನ್ನು ಹರಿದು ಎಸೆಯಬೇಡಿ. ಅದರ ಮೇಲಿನ ಮುದ್ರೆಯೇ ನಿಮ್ಮ ಸಾಕ್ಷಿ. ಕಚೇರಿಯಲ್ಲಿ ಕೈಗೆ ಕೊಟ್ಟರೆ, ಸಹಿ ಮಾಡುವಾಗ ಸಹಿಯ ಕೆಳಗೆ ದಿನಾಂಕ ಬರೆಯಿರಿ. ಹಳೆಯ ದಿನಾಂಕ ಹಾಕಿ ಸಹಿ ಮಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಒಂದು ಸಹಿಯಲ್ಲಿ ನಿಮ್ಮ ಹತ್ತಿಪ್ಪತ್ತು ದಿನ ಹೋಗಿರುತ್ತದೆ.

ಇನ್ನೊಂದು ಕಡೆಯೂ ಇದೆ. ರಿಜಿಸ್ಟರ್ಡ್ ಅಂಚೆ ಬಂದಾಗ ‘ತೆಗೆದುಕೊಂಡರೆ ತಾನೇ ತೊಂದರೆ’ ಎಂದು ಹಿಂದೆ ಕಳಿಸುವವರಿದ್ದಾರೆ. ಸರಿಯಾದ ವಿಳಾಸಕ್ಕೆ ಬಂದ ಅಂಚೆಯನ್ನು ತಿರಸ್ಕರಿಸಿದರೆ ಅದು ತಲುಪಿದಂತೆಯೇ ಎಂದು ಕಾನೂನು ಭಾವಿಸುತ್ತದೆ. ಗಡಿಯಾರ ಓಡುತ್ತದೆ, ಆದೇಶದಲ್ಲಿ ಏನಿದೆ ಎಂಬುದು ಮಾತ್ರ ನಿಮಗೆ ಗೊತ್ತಿರುವುದಿಲ್ಲ.

ಎಣಿಕೆಯ ಸಾಮಾನ್ಯ ನಿಯಮ ಸರಳ. ಆದೇಶ ಕೈಗೆ ಬಂದ ದಿನವನ್ನು ಬಿಟ್ಟು ಎಣಿಸಬೇಕು. ಜೂನ್ 10ರಂದು ಬಂದರೆ, 30 ದಿನದ ಅವಧಿ ಜುಲೈ 10ಕ್ಕೆ ಮುಗಿಯುತ್ತದೆ. ಆ ದಿನ ಕೋರ್ಟಿಗೆ ರಜೆ ಇದ್ದರೆ ತೆರೆದ ಮೊದಲ ದಿನವೇ ಹೋಗಬೇಕು.

ಮೇಲ್ಮನವಿ ಬೇರೆ, ಮನವಿ ಬೇರೆ

ಎರಡನೆಯ ಪ್ರಶ್ನೆಯಲ್ಲೇ ಹೆಚ್ಚು ಜನ ಎಡವುವುದು. ಇಲಾಖೆಯ ಮೇಲಧಿಕಾರಿಗೆ ಬರೆದುಕೊಂಡರೆ ಗಡಿಯಾರ ನಿಲ್ಲುತ್ತದೆಯೇ?

ಇಲ್ಲಿ ಎರಡು ಬಗೆಯ ಕಾಗದಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನಿಮ್ಮ ಸೇವಾ ನಿಯಮದಲ್ಲೇ ‘ಈ ಆದೇಶದ ವಿರುದ್ಧ ಇಂಥ ಅಧಿಕಾರಿಗೆ ಇಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು’ ಎಂದು ಬರೆದಿದ್ದರೆ ಅದು ಕಾನೂನಿನ ಮೇಲ್ಮನವಿ. ನಿಯಮದಲ್ಲಿ ಎಲ್ಲೂ ಇಲ್ಲದೆ, ‘ದಯವಿಟ್ಟು ಮರುಪರಿಶೀಲಿಸಿ’ ಎಂದು ನೀವಾಗಿ ಬರೆದುಕೊಂಡದ್ದು ಬರೀ ಮನವಿ.

1989ರ ಎಸ್.ಎಸ್. ರಾಠೋರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಈ ವ್ಯತ್ಯಾಸವನ್ನು ಖಚಿತಪಡಿಸಿತು. ಮಧ್ಯಪ್ರದೇಶದ ಆ ನೌಕರರನ್ನು 1966ರ ಜನವರಿಯಲ್ಲಿ ವಜಾ ಮಾಡಲಾಗಿತ್ತು. ಅವರ ಮೇಲ್ಮನವಿ ಅದೇ ವರ್ಷ ಆಗಸ್ಟ್‌ನಲ್ಲಿ ತಿರಸ್ಕೃತವಾಯಿತು. ಅವರು ದಾವೆ ಹೂಡಿದ್ದು 1969ರ ಸೆಪ್ಟೆಂಬರ್‌ನಲ್ಲಿ. ಜನವರಿಯಿಂದ ಎಣಿಸಿದರೆ ಮೂರು ವರ್ಷದ ಅವಧಿ ಮುಗಿದಿತ್ತು. ಕಾನೂನಿನ ಮೇಲ್ಮನವಿ ಸಲ್ಲಿಸಿದವರಿಗೆ ಅದರ ತೀರ್ಮಾನದ ದಿನದಿಂದ ಎಣಿಸಬೇಕು ಎಂದು ಪೀಠ ಹೇಳಿತು. ಸರ್ಕಾರಕ್ಕೆ ದಾವೆಗೆ ಮುಂಚೆ ಕೊಡಬೇಕಾದ ಎರಡು ತಿಂಗಳ ನೋಟಿಸಿನ ಅವಧಿಯೂ ಸೇರಿ ಅವರ ದಾವೆ ಉಳಿಯಿತು.

ಅದೇ ತೀರ್ಪು ಇನ್ನೂ ಎರಡು ಮಾತು ಹೇಳಿದೆ. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದ ದಿನವೇ ಗಡಿಯಾರ ಶುರು. ಅಧಿಕಾರಿ ಸುಮ್ಮನಿದ್ದಾರೆ ಎಂದು ನೀವೂ ಸುಮ್ಮನಿರುವಂತಿಲ್ಲ. ಎರಡನೆಯದು, ಕಾನೂನಿನಲ್ಲಿ ಇಲ್ಲದ ಮನವಿಗಳನ್ನು ಮೇಲಿಂದ ಮೇಲೆ ಕೊಟ್ಟರೆ ಅವಧಿ ಬೆಳೆಯುವುದಿಲ್ಲ.

‘ಆದರೆ ಹತ್ತು ವರ್ಷದ ನಂತರ ನನ್ನ ಮನವಿಗೆ ಇಲಾಖೆ ಉತ್ತರ ಕೊಟ್ಟಿದೆಯಲ್ಲ, ಆ ದಿನದಿಂದ ಎಣಿಸಬಾರದೇ?’ ಎಂದು ನೀವು ಕೇಳಬಹುದು. ಇದಕ್ಕೂ ಉತ್ತರ ಇದೆ. ತಮಿಳುನಾಡಿನ ಭೂವಿಜ್ಞಾನ ಮತ್ತು ಗಣಿ ಇಲಾಖೆಯಿಂದ 1982ರಲ್ಲಿ ತೆಗೆದುಹಾಕಲ್ಪಟ್ಟ ನೌಕರರೊಬ್ಬರು 2000ದಲ್ಲಿ ಮನವಿ ಕೊಟ್ಟರು. ಅದನ್ನು ಪರಿಶೀಲಿಸಿ ಎಂದು ಆಡಳಿತ ನ್ಯಾಯಮಂಡಳಿ ಹೇಳಿತು. ಇಲಾಖೆ ಪರಿಶೀಲಿಸಿ ತಿರಸ್ಕರಿಸಿತು. ಆ ತಿರಸ್ಕಾರವನ್ನು ಹಿಡಿದು ಅವರು ಮತ್ತೆ ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಸುಪ್ರೀಂ ಕೋರ್ಟು, ಸತ್ತುಹೋದ ಹಕ್ಕಿಗೆ ಇಲಾಖೆಯ ಉತ್ತರದಿಂದ ಜೀವ ಬರುವುದಿಲ್ಲ ಎಂದಿತು. ‘ಮನವಿಯನ್ನು ಪರಿಗಣಿಸಿ’ ಎಂಬ ಕೋರ್ಟಿನ ನಿರ್ದೇಶನದಿಂದಲೂ ಹಳೆಯ ದಿನಾಂಕ ಬದಲಾಗುವುದಿಲ್ಲ.

ಹಾಗೆಂದು ಮನವಿ ಕೊಡಬೇಡಿ ಎಂದಲ್ಲ. ಕೊಡಿ. ಎಷ್ಟೋ ಸಲ ಅಲ್ಲೇ ಕೆಲಸ ಆಗುತ್ತದೆ. ಕೊಟ್ಟ ದಿನವೇ ಕ್ಯಾಲೆಂಡರಿನಲ್ಲಿ ಕಾನೂನಿನ ಕೊನೆಯ ದಿನವನ್ನೂ ಗುರುತು ಹಾಕಿ. ಉತ್ತರ ಬಂದರೂ ಬಾರದಿದ್ದರೂ ಆ ದಿನಕ್ಕಿಂತ ಮುಂಚೆ ವಕೀಲರ ಮುಂದೆ ಕೂತಿರಬೇಕು.

ಒಂದು ಸಲದ ಏಟು, ತಿಂಗಳು ತಿಂಗಳ ಏಟು

ಎಲ್ಲ ಅನ್ಯಾಯವೂ ಒಂದೇ ದಿನ ಮುಗಿಯುವುದಿಲ್ಲ. ವಜಾ, ಹಿಂಬಡ್ತಿ, ಅನುಮೋದನೆಯ ತಿರಸ್ಕಾರ, ಕಿರಿಯರಿಗೆ ಬಡ್ತಿ, ಇವು ಒಂದು ದಿನ ನಡೆದು ಮುಗಿಯುವ ಸಂಗತಿಗಳು. ಆ ದಿನದಿಂದಲೇ ಎಣಿಕೆ. ಆದರೆ ವೇತನ ನಿಗದಿಯಲ್ಲಿ ತಪ್ಪಾಗಿ ಪ್ರತಿ ತಿಂಗಳೂ ಕಡಿಮೆ ಸಂಬಳ ಬರುತ್ತಿದ್ದರೆ, ಪಿಂಚಣಿ ತಪ್ಪಾಗಿ ಲೆಕ್ಕವಾಗಿದ್ದರೆ, ಪ್ರತಿ ತಿಂಗಳೂ ಹೊಸದಾಗಿ ಅನ್ಯಾಯ ನಡೆಯುತ್ತದೆ.

1995ರಲ್ಲಿ ರೈಲ್ವೆ ನೌಕರರೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. 1978ರ ವೇತನ ನಿಗದಿಯನ್ನು 1989ರಲ್ಲಿ ಪ್ರಶ್ನಿಸಿದ್ದಕ್ಕೆ ನ್ಯಾಯಮಂಡಳಿ ಬಾಗಿಲು ಮುಚ್ಚಿತ್ತು. ನೌಕರಿಯಲ್ಲಿ ಇರುವವರೆಗೂ ತಪ್ಪು ಸಂಬಳ ಕೈಗೆ ಬಂದಾಗಲೆಲ್ಲ ಹೊಸ ಕಾರಣ ಹುಟ್ಟುತ್ತದೆ, ಆದ್ದರಿಂದ ಸರಿಯಾದ ವೇತನ ನಿಗದಿಯ ಹಕ್ಕು ಸಾಯುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಹಿಂದಿನ ಬಾಕಿಯ ಮಾತು ಬೇರೆ. 2008ರ ತರ್ಸೇಮ್ ಸಿಂಗ್ ತೀರ್ಪು ಅದನ್ನು ಇನ್ನೂ ಬಿಡಿಸಿತು. 1983ರಲ್ಲಿ ಸೇನೆಯಿಂದ ಹೊರಬಂದ ಯೋಧರೊಬ್ಬರು ಅಂಗವೈಕಲ್ಯ ಪಿಂಚಣಿಗಾಗಿ 1999ರಲ್ಲಿ ಹೈಕೋರ್ಟಿಗೆ ಹೋಗಿದ್ದರು. ಪಿಂಚಣಿಯ ಹಕ್ಕು ಉಳಿಯಿತು. ಬಾಕಿ ಮಾತ್ರ ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಸೀಮಿತವಾಯಿತು.

ಇದನ್ನು ಶಾಲೆಯ ಲೆಕ್ಕಕ್ಕೆ ತಂದು ನೋಡಿ. ಒಬ್ಬ ಶಿಕ್ಷಕಿಯ ವೇತನ ಬಡ್ತಿ 2015ರ ಜೂನ್‌ನಿಂದ ತಪ್ಪಾಗಿ ಲೆಕ್ಕವಾಗಿದೆ, ತಿಂಗಳಿಗೆ 800 ರೂಪಾಯಿ ಕಡಿಮೆ ಬರುತ್ತಿದೆ ಎಂದುಕೊಳ್ಳಿ. ಅವರು 2025ರ ಜೂನ್‌ನಲ್ಲಿ ಅರ್ಜಿ ಹಾಕಿದರೆ ಮುಂದಿನ ಸಂಬಳ ಸರಿಯಾಗಬಹುದು. ಬಾಕಿ ಸಿಗುವುದು 2022ರ ಜೂನ್‌ನಿಂದ ಮಾತ್ರ. ಮೊದಲ ಏಳು ವರ್ಷದ, ಅಂದರೆ 84 ತಿಂಗಳ 67,200 ರೂಪಾಯಿ ಹೋಯಿತು. ತಪ್ಪು ಶಾಲೆಯದೋ ಕಚೇರಿಯದೋ, ನಷ್ಟ ಮಾತ್ರ ಅವರದು.

ತಿಂಗಳು ತಿಂಗಳ ಏಟಿನ ಈ ವಾದಕ್ಕೆ ಎರಡು ಮಿತಿಗಳಿವೆ.

ಮೊದಲನೆಯದು, ಇನ್ನೊಬ್ಬರ ಹಕ್ಕಿಗೆ ಧಕ್ಕೆ ಬರುವ ಕಡೆ ಈ ವಾದ ನಡೆಯುವುದಿಲ್ಲ. ಜ್ಯೇಷ್ಠತೆ, ಬಡ್ತಿ, ನೇಮಕಾತಿಗಳಲ್ಲಿ ನಿಮ್ಮ ಜಾಗಕ್ಕೆ ಬೇರೊಬ್ಬರು ಬಂದು ಕೂತಿರುತ್ತಾರೆ. ಕಿರಿಯರಿಗೆ ಬಡ್ತಿ ಕೊಟ್ಟದ್ದನ್ನು ಪ್ರಶ್ನಿಸುವವರು ಆರು ತಿಂಗಳೊಳಗೆ, ಹೆಚ್ಚೆಂದರೆ ಒಂದು ವರ್ಷದೊಳಗೆ ಬರಬೇಕು ಎಂದು ತಮಿಳುನಾಡಿನಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ದಶಕಗಳ ಹಿಂದೆಯೇ ಹೇಳಿದೆ. ಕನ್ನಡ ತರಗತಿಗೆ ಕನ್ನಡ ಬಾರದವರ ನೇಮಕವಾಗಿ, ಅರ್ಹತೆ ಇದ್ದೂ ನಿಮ್ಮನ್ನು ಬಿಟ್ಟಿದ್ದರೆ, ವರ್ಷ ಕಾಯಬೇಡಿ. ಪಟ್ಟಿ ಪ್ರಕಟವಾದ ವಾರವೇ ಓಡಾಡಬೇಕು.

ಎರಡನೆಯದು, ತಿಂಗಳ ಸಂಬಳ ನಿಂತದ್ದಕ್ಕೆ ಮೂಲದಲ್ಲಿ ಒಂದು ಆದೇಶ ಇದ್ದರೆ, ಆ ಆದೇಶವನ್ನು ಸಮಯಕ್ಕೆ ಪ್ರಶ್ನಿಸಬೇಕು. ಅನುಮೋದನೆ ಇಲ್ಲದೆ ವರ್ಷಗಟ್ಟಲೆ ದುಡಿಯುವ ನಮ್ಮ ಎಷ್ಟೋ ಶಿಕ್ಷಕರ ಸ್ಥಿತಿ ಇದೇ. ಅನುಮೋದನೆಯ ಕಡತ ಬಾಕಿ ಇರುವವರೆಗೆ ಒಂದು ಲೆಕ್ಕ. ‘ಅನುಮೋದನೆ ಇಲ್ಲ’ ಎಂಬ ಕಾಗದ ಬಂದ ದಿನದಿಂದ ಬೇರೆ ಲೆಕ್ಕ. ಆ ಕಾಗದವನ್ನು ಹಾಗೇ ಬಿಟ್ಟು ‘ಪ್ರತಿ ತಿಂಗಳೂ ನನಗೆ ಸಂಬಳ ಬರಬೇಕಿತ್ತು’ ಎಂದರೆ ಕೋರ್ಟು ಕೇಳುವ ಮೊದಲ ಪ್ರಶ್ನೆ, ಅದನ್ನು ಯಾಕೆ ಪ್ರಶ್ನಿಸಲಿಲ್ಲ ಎಂಬುದೇ.

‘ಆದೇಶವೇ ಕಾನೂನುಬಾಹಿರ, ಅಸಿಂಧು. ಅದಕ್ಕೆ ಕಾಲಮಿತಿ ಎಲ್ಲಿಯದು?’ ಎಂಬ ವಾದವೂ ಉಂಟು. 1991ರ ಗುರುದೇವ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅಸಿಂಧುವಾದ ವಜಾ ಆದೇಶವನ್ನೂ ಅಸಿಂಧು ಎಂದು ಘೋಷಿಸಲು ಸಿವಿಲ್ ಕೋರ್ಟಿಗೆ ಮೂರು ವರ್ಷದೊಳಗೇ ಹೋಗಬೇಕು. ಬಾಕಿ ವೇತನದ ದಾವೆಗೂ ಕಾಲಮಿತಿ ಕಾಯಿದೆಯಲ್ಲಿ ಮೂರು ವರ್ಷವೇ, ಪ್ರತಿ ತಿಂಗಳ ವೇತನಕ್ಕೂ ಅದು ಬರಬೇಕಾದ ದಿನದಿಂದ ಬೇರೆ ಬೇರೆ ಎಣಿಕೆ.

ನಿಮ್ಮ ಊರಿನಿಂದ ಯಾವ ಬಾಗಿಲು

ಅವಧಿ ಎಷ್ಟು ಎಂಬುದು ನೀವು ಯಾವ ಬಾಗಿಲು ತಟ್ಟಬೇಕು ಎಂಬುದರ ಮೇಲೆ ನಿಂತಿದೆ. ಗಡಿನಾಡಿನ ಕಷ್ಟ ಇಲ್ಲೇ. ಒಂದೇ ಭಾಷೆಯ ಶಿಕ್ಷಕರು ಆರೇಳು ರಾಜ್ಯಗಳ ಕಾನೂನಿನ ಕೆಳಗೆ ಹಂಚಿಹೋಗಿದ್ದೇವೆ. ಒಂದು ಊರಿನವರ ಅನುಭವ ಇನ್ನೊಂದು ಊರಿನವರಿಗೆ ದಾರಿ ತಪ್ಪಿಸಬಹುದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಖಾಸಗಿ ಶಾಲೆಯವರೇ, ನಿಮ್ಮದು ಎಲ್ಲಕ್ಕಿಂತ ಚಿಕ್ಕ ಅವಧಿ. ಮಹಾರಾಷ್ಟ್ರದ ಖಾಸಗಿ ಶಾಲಾ ನೌಕರರ 1977ರ ಕಾಯಿದೆಯ 9ನೇ ಸೆಕ್ಷನ್ ಪ್ರಕಾರ ವಜಾ, ಸೇವಾಮುಕ್ತಿ ಅಥವಾ ಹಿಂಬಡ್ತಿಯ ಆದೇಶ ಕೈಗೆ ಬಂದ ದಿನದಿಂದ 30 ದಿನದೊಳಗೆ ಶಾಲಾ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬೇಕು. ಸಾಕಷ್ಟು ಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅಧಿಕಾರ ಮಂಡಳಿಗೆ ಇದೆ. ಅದನ್ನೇ ನಂಬಿ ಕೂರುವಂತಿಲ್ಲ. ಈ ಕಾಯಿದೆ ಜಿಲ್ಲಾ ಪರಿಷತ್ತಿನ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಯವರು ಈಗ ಮುಂಬಯಿವರೆಗೆ ಹೋಗಬೇಕಿಲ್ಲ. ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಸಂಚಾರಿ ಪೀಠ 2025ರ ಆಗಸ್ಟ್ 18ರಿಂದ ಕೆಲಸ ಮಾಡುತ್ತಿದೆ. ‘ಮುಂಬಯಿಗೆ ಯಾರು ಹೋಗುತ್ತಾರೆ’ ಎಂದು ತಡಮಾಡುತ್ತಿದ್ದ ಜತ್ತದವರಿಗೆ ಇದು ಸಣ್ಣ ಬದಲಾವಣೆಯಲ್ಲ.

ಕಾಸರಗೋಡು, ವಯನಾಡಿನ ಸರ್ಕಾರಿ ಶಾಲೆಯವರಿಗೆ ಕೇರಳ ಆಡಳಿತ ನ್ಯಾಯಮಂಡಳಿ ಇದೆ. ಅಲ್ಲಿ 1985ರ ಆಡಳಿತ ನ್ಯಾಯಮಂಡಳಿ ಕಾಯಿದೆಯ ಲೆಕ್ಕ: ಅಂತಿಮ ಆದೇಶದಿಂದ ಒಂದು ವರ್ಷ. ಇಲಾಖೆಗೆ ಸಲ್ಲಿಸಿದ ಮೇಲ್ಮನವಿಗೆ ಆರು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಆ ಆರು ತಿಂಗಳ ಮೇಲೆ ಒಂದು ವರ್ಷ. ಅನುದಾನಿತ ಶಾಲೆಯವರ ದಾರಿ ಬೇರೆ. ಕೇರಳ ಶಿಕ್ಷಣ ನಿಯಮಗಳಲ್ಲಿ ಹೇಳಿದ ಮೇಲ್ಮನವಿ, ಪುನರ್ವಿಮರ್ಶೆ, ಅದಾದ ಮೇಲೆ ಎರ್ನಾಕುಳಂನ ಹೈಕೋರ್ಟು.

ಹೊಸೂರು, ತಾಳವಾಡಿ, ನೀಲಗಿರಿಯವರಿಗೂ, ಆದೋನಿ, ರಾಯದುರ್ಗ, ಮಡಕಶಿರಾದವರಿಗೂ, ತೆಲಂಗಾಣದವರಿಗೂ ರಾಜ್ಯ ಆಡಳಿತ ನ್ಯಾಯಮಂಡಳಿ ಈಗ ಇಲ್ಲ. ಆ ಮೂರು ರಾಜ್ಯಗಳೂ ತಮ್ಮ ಮಂಡಳಿಯನ್ನು ಮುಚ್ಚಿವೆ. ಸರ್ಕಾರಿ ಶಿಕ್ಷಕರು ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೇ ಹೋಗಬೇಕು. ರಿಟ್ ಅರ್ಜಿಗೆ ಕಾಯಿದೆಯಲ್ಲಿ ಬರೆದಿಟ್ಟ ದಿನಗಳಿಲ್ಲ. ಆದರೆ ‘ದಿನಗಳಿಲ್ಲ’ ಎಂದರೆ ‘ಯಾವಾಗ ಬೇಕಾದರೂ’ ಎಂದಲ್ಲ. ವಿವರಣೆ ಇಲ್ಲದ ತಡವನ್ನು ಹೈಕೋರ್ಟು ನಿಮ್ಮ ವಿರುದ್ಧವೇ ಎಣಿಸುತ್ತದೆ. ಸಿವಿಲ್ ದಾವೆಯ ಮೂರು ವರ್ಷ ದಾಟಿದರೆ ಸಾಮಾನ್ಯವಾಗಿ ಅದನ್ನು ಅತಿ ತಡ ಎಂದೇ ನೋಡಲಾಗುತ್ತದೆ.

ಬಾಗಿಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗೋವಾದ ಒಂದು ಮೊಕದ್ದಮೆ ಸಾಕು. 1975ರಲ್ಲಿ ಕೆಲಸದಿಂದ ತೆಗೆದುಹಾಕಲ್ಪಟ್ಟ ಶಿಕ್ಷಕಿಯೊಬ್ಬರು ಕೈಗಾರಿಕಾ ವಿವಾದ ಕಾಯಿದೆಯ ದಾರಿ ಹಿಡಿದರು. ಹದಿಮೂರು ವರ್ಷದ ನಂತರ, 1988ರಲ್ಲಿ, ಸುಪ್ರೀಂ ಕೋರ್ಟು ಹೇಳಿದ್ದು: ಶಾಲೆ ಆ ಕಾಯಿದೆಯ ಅರ್ಥದಲ್ಲಿ ಉದ್ಯಮವಾಗಿರಬಹುದು, ಆದರೆ ಪಾಠ ಹೇಳುವವರು ಕಾರ್ಮಿಕರಲ್ಲ. ಕಾರ್ಖಾನೆಯಲ್ಲಿ ದುಡಿಯುವ ನಿಮ್ಮ ತಮ್ಮನಿಗೆ ಲೇಬರ್ ಕೋರ್ಟಿನಲ್ಲಿ ನ್ಯಾಯ ಸಿಕ್ಕಿರಬಹುದು. ಶಿಕ್ಷಕರಾದ ನೀವು ಅದೇ ದಾರಿ ಹಿಡಿಯುವ ಮುಂಚೆ ಈ ತೀರ್ಪು ನೆನಪಿರಲಿ.

ಗ್ರಾಚುಯಿಟಿ ಮಾತ್ರ ಇದಕ್ಕೆ ಹೊರತು. ಖಾಸಗಿ ಶಾಲೆಯ ಶಿಕ್ಷಕರಿಗೆ ಅದು ಅನ್ವಯಿಸುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಸಂಸತ್ತು 2009ರಲ್ಲಿ ಕಾಯಿದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಶಿಕ್ಷಕರಿಗೂ ಹಕ್ಕು ಕೊಟ್ಟಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿ 2022ರ ಆಗಸ್ಟ್‌ನಲ್ಲಿ ಸೋತವು. ನೌಕರ ಅರ್ಜಿ ಕೊಟ್ಟರೂ ಕೊಡದಿದ್ದರೂ ಗ್ರಾಚುಯಿಟಿ ಲೆಕ್ಕ ಹಾಕಿ 30 ದಿನದೊಳಗೆ ಕೊಡುವುದು ಮಾಲೀಕರ ಹೊಣೆ. ಅನುದಾನ ಇಲ್ಲದ ಶಾಲೆಯಿಂದ ನಿವೃತ್ತರಾಗಿ ‘ನಮಗೆಲ್ಲಿ ಅದು’ ಎಂದು ಸುಮ್ಮನಿರುವ ಹಿರಿಯರಿಗೆ ಈ ಮಾತು ತಿಳಿಸಿ.

ಓದಲು ಬಾರದ ಭಾಷೆಯ ಆದೇಶ

ಈಗ ನಮ್ಮದೇ ಆದ ಪ್ರಶ್ನೆ. ಆದೇಶ ಬಂದದ್ದು ಮಲಯಾಳದಲ್ಲಿ, ಮರಾಠಿಯಲ್ಲಿ, ತಮಿಳಿನಲ್ಲಿ ಅಥವಾ ತೆಲುಗಿನಲ್ಲಿ. ನಿಮಗೆ ಮಾತು ಬಂದರೂ ಕಚೇರಿಯ ಬರವಣಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿಕೊಳ್ಳುವಷ್ಟರಲ್ಲಿ ಮೂರು ವಾರ ಹೋಯಿತು. ಗಡಿಯಾರ ಯಾವಾಗ ಶುರು, ಕೈಗೆ ಬಂದಾಗಲೋ ತಿಳಿದಾಗಲೋ?

1962ರಲ್ಲಿ ಮಹಾರಾಷ್ಟ್ರದ ಒಂದು ಮುಂಜಾಗ್ರತಾ ಬಂಧನದ ಮೊಕದ್ದಮೆಯಲ್ಲಿ, ಇಂಗ್ಲಿಷ್ ಬಾರದವರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಅದು ತಿಳಿಸಿದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿ ಬಿಡುಗಡೆ ಮಾಡಿಸಿತು. ಒಳ್ಳೆಯ ತತ್ವ. ಆದರೆ ಅದು ಒಬ್ಬರ ಸ್ವಾತಂತ್ರ್ಯವನ್ನೇ ಕಿತ್ತುಕೊಂಡ ಪ್ರಕರಣ. ಶಾಲೆಯ ಆದೇಶಕ್ಕೂ ಅದೇ ಅಳತೆ ಸಿಗುತ್ತದೆ ಎಂದು ನಂಬಿ ಕೂರಬೇಡಿ. ಆ ರಾಜ್ಯದ ನೌಕರರಿಗೆ ಆ ರಾಜ್ಯದ ಭಾಷೆ ತಿಳಿದಿರುತ್ತದೆ ಎಂದೇ ಎದುರು ಕಡೆಯ ವಕೀಲರು ವಾದಿಸುತ್ತಾರೆ. ಭಾಷೆಯ ತೊಡಕನ್ನು ತಡಕ್ಕೆ ಒಂದು ಕಾರಣವಾಗಿ ಹೇಳಿಕೊಳ್ಳಬಹುದು. ಎಣಿಕೆ ಮಾತ್ರ ಕಾಗದ ಕೈಗೆ ಬಂದ ದಿನದಿಂದಲೇ ಎಂದು ಇಟ್ಟುಕೊಳ್ಳುವುದು ಕ್ಷೇಮ.

ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಕೊಟ್ಟಿದೆ. ಕನ್ನಡದಲ್ಲಿ ಬರೆಯಿರಿ, ಧೈರ್ಯವಾಗಿ ಬರೆಯಿರಿ. ಆದರೆ ಕನ್ನಡದಲ್ಲಿ ಬರೆದ ಮನವಿಯೂ ಮನವಿಯೇ. ಅದಕ್ಕೂ ಗಡಿಯಾರ ನಿಲ್ಲುವುದಿಲ್ಲ. ಆದ್ದರಿಂದ ಆದೇಶ ಬಂದ ದಿನವೇ ಭಾಷೆ ಬಲ್ಲ ಒಬ್ಬ ಸಹೋದ್ಯೋಗಿಯಿಂದ ಓದಿಸಿ. ಕನ್ನಡ ಶಿಕ್ಷಕರ ಸಂಘಟನೆಗಳು ಮಾಡಬಹುದಾದ ಒಂದು ಅಗ್ಗದ, ಬಹಳ ಬೇಕಾದ ಕೆಲಸ ಇದು. ಪ್ರತಿ ತಾಲೂಕಿನಲ್ಲೂ ಆದೇಶ ಓದಿ ಕೊನೆಯ ದಿನಾಂಕ ಹೇಳಬಲ್ಲ ಇಬ್ಬರು ಇರಲಿ. ಒಂದು ಸನ್ಮಾನ ಸಮಾರಂಭದ ಖರ್ಚೂ ಇದಕ್ಕೆ ಬೇಡ.

ಈಗಾಗಲೇ ತಡವಾಗಿದ್ದರೆ

ತಡವಾಗಿದೆ ಎಂದು ಗೊತ್ತಾದ ಕೂಡಲೇ ಕಡತ ಮುಚ್ಚಬೇಡಿ. ಮೇಲ್ಮನವಿ ಮತ್ತು ಅರ್ಜಿಗಳಲ್ಲಿ ಸಾಕಷ್ಟು ಕಾರಣ ಇದ್ದರೆ ತಡವನ್ನು ಮನ್ನಿಸಬಹುದು. ಈ ವಿಷಯದಲ್ಲಿ ಕೋರ್ಟುಗಳು ತೀರಾ ಬಿಗಿ ಹಿಡಿಯಬಾರದು ಎಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿದೆ. ಕಾಯಿಲೆ, ಆಸ್ಪತ್ರೆ, ಆದೇಶದ ಪ್ರತಿ ಸಿಗದಿದ್ದದ್ದು, ಇವುಗಳಿಗೆ ಕಾಗದದ ಪುರಾವೆ ಬೇಕು. ಸಿವಿಲ್ ದಾವೆಗೆ ಮಾತ್ರ ಈ ಮನ್ನಣೆ ಇಲ್ಲ. ಅಲ್ಲಿ ಮೂರು ವರ್ಷ ಎಂದರೆ ಮೂರು ವರ್ಷ.

ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ತಪ್ಪು ಕೋರ್ಟಿನಲ್ಲಿ ಕಳೆದ ಕಾಲವನ್ನು ಕಾಲಮಿತಿ ಕಾಯಿದೆಯ 14ನೇ ಸೆಕ್ಷನ್ ಕೆಳಗೆ ಕಳೆಯಲು ಕೇಳಬಹುದು. ಹಾಗೆಯೇ ಕೋವಿಡ್ ಕಾಲದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಎಣಿಕೆಯಿಂದ ಬಿಡಬೇಕು ಎಂದು ಸುಪ್ರೀಂ ಕೋರ್ಟು ಆದೇಶಿಸಿದೆ. ಆ ಹೊತ್ತಿನ ಆದೇಶ ನಿಮ್ಮ ಕಡತದಲ್ಲಿದ್ದರೆ ಇದನ್ನು ವಕೀಲರಿಗೆ ನೆನಪಿಸಿ.

ಹಣವಿಲ್ಲ ಎಂಬ ಕಾರಣಕ್ಕೆ ದಿನ ಕಳೆಯುವವರಿಗೂ ಒಂದು ಮಾತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಕನ್ನಡ ಶಾಲೆಯ ಶಿಕ್ಷಕಿಯರಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ?

ಆದೇಶದ ಪ್ರತಿ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ ಉತ್ತರ ಕೊಡಲು ಕಚೇರಿಗೆ 30 ದಿನ ಇದೆ. ಬಾಯಿಮಾತಿನಲ್ಲಿ ‘ಬರಬೇಡಿ’ ಎಂದಿದ್ದರೆ, ಅದೇ ದಿನ ‘ಇಂದು ನನ್ನನ್ನು ಕೆಲಸಕ್ಕೆ ಸೇರಿಸಲಿಲ್ಲ, ಲಿಖಿತ ಆದೇಶ ಕೊಡಿ’ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ಲಿಖಿತ ಆದೇಶ ಬರಲಿ ಎಂದು ತಿಂಗಳುಗಟ್ಟಲೆ ಕಾಯಬೇಡಿ.

ಇವತ್ತು ಸಂಜೆ ಆ ಕಡತವನ್ನು ಕಪಾಟಿನಿಂದ ಇಳಿಸಿ. ಮನವಿಗಳ ಕಟ್ಟನ್ನು ಒಂದು ಕಡೆ ಇಟ್ಟು, ಅವುಗಳ ಕೆಳಗಿರುವ ಮೊದಲ ಆದೇಶವನ್ನು ಹುಡುಕಿ. ಒಂದು ಹಾಳೆಯಲ್ಲಿ ಮೂರು ದಿನಾಂಕ ಬರೆಯಿರಿ: ಆದೇಶದ ದಿನ, ಅದು ನಿಮ್ಮ ಕೈಗೆ ಬಂದ ದಿನ, ನಿಯಮದಲ್ಲಿರುವ ಮೇಲ್ಮನವಿ ಕೊಟ್ಟಿದ್ದರೆ ಅದರ ದಿನ. ಆ ಹಾಳೆ ಹಿಡಿದು ನಾಳೆ ನಿಮ್ಮ ಜಿಲ್ಲೆಯ ಸೇವಾ ವ್ಯಾಜ್ಯ ಬಲ್ಲ ವಕೀಲರ ಬಳಿ ಹೋಗಿ. ಅವರು ಮೊದಲು ಕೇಳುವುದು ಆ ಮೂರು ದಿನಾಂಕಗಳನ್ನೇ.